ಭೂಕಂಪದ ನಡುಕವು ಎಲ್ಲರಿಗೂ ಒಂದೇ ಬಗೆಯಾಗಿ ತೋರದೇಕೆ?

ಒಂದೇ ಭೂಕಂಪವನ್ನು ಕುರಿತು ಒಬ್ಬರು “ನೆಲವು ಗುದ್ದಿದಂತಾಯಿತು” ಎಂದೂ, ಮತ್ತೊಬ್ಬರು “ತೊಟ್ಟಿಲಿನಂತೆ ತೂಗಿತು” ಎಂದೂ ಹೇಳುವದುಂಟು. ಇಬ್ಬರ ಮಾತೂ ನಿಜವೇ. ಯಾಕಂದರೆ ನಡುಕದ ಬಗೆಯು ದೂರ, ನೆಲ, ಕಟ್ಟಡ ಎಂಬ ಮೂರನ್ನು ಅನುಸರಿಸಿರುತ್ತದೆ.

ದೂರ: ಭೂಮಿಯ ಆಳದಲ್ಲಿ ಬಂಡೆಯು ಬಿರಿದು ಸರಿದಾಗ ಎರಡು ವಿಧದ ಅಲೆಗಳು ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿಲೋಮೀಟರು ಓಡುವದು. ಇದರ ಅದಿರು ಅಲ್ಪ. ಎರಡನೆಯದರ ವೇಗ ಸುಮಾರು 3½ ಕಿಲೋಮೀಟರು. ಗೋಡೆಗಳನ್ನು ಪಕ್ಕಕ್ಕೆ ಜಗ್ಗಿ ಕೆಡಹುವದು ಹೆಚ್ಚಾಗಿ ಇದೇ. 100 ಕಿಲೋಮೀಟರು ದೂರದಲ್ಲಿ ಇವೆರಡರ ನಡುವೆ ಸುಮಾರು 12 ಸೆಕೆಂಡುಗಳ ಅಂತರವಿರುವದು. ಆದಕಾರಣ ಮೊದಲ ಅದಿರನ್ನು “ಇಷ್ಟೇ” ಎಂದು ಅಲಕ್ಷಿಸಬಾರದು. ಬಹುದೂರ ಹೋದಂತೆ ಬಿರುಸಾದ ಕಂಪನಗಳು ಅಡಗಿ, ನಿಧಾನವಾದ ತೂಗಾಟವು ಉಳಿಯುವದು.

ನೆಲ: ಹಾಲುಬಾಯಿಯಿಟ್ಟ ತಟ್ಟೆಯನ್ನು ಮೆಲ್ಲನೆ ತಟ್ಟಿದರೆ ತಟ್ಟೆಗಿಂತ ಹಾಲುಬಾಯಿಯೇ ಹೆಚ್ಚು ನಡುಗುತ್ತದೆ. ಗಟ್ಟಿಬಂಡೆಗೂ ಮೆತುಮಣ್ಣಿಗೂ ಇರುವ ಭೇದವು ಇಂಥದೇ. 1985ನೆಯ ಸೆಪ್ಟೆಂಬರ್ 19ರಂದು ಮೆಕ್ಸಿಕೊ ನಗರವು ಭೂಕಂಪದ ಮೂಲದಿಂದ 350 ಕಿಲೋಮೀಟರಿಗೂ ದೂರವಿದ್ದರೂ, ಹಳೆಯ ಸರೋವರದ ತಳದ ಮೇಲಿದ್ದ ಭಾಗಗಳಲ್ಲಿ ಘೋರ ನಾಶವುಂಟಾಯಿತು.

ಕಟ್ಟಡ: ಉಯ್ಯಾಲೆಯನ್ನು ಅದರ ತೂಗಿನ ಹೊತ್ತಿಗೆ ಸರಿಯಾಗಿ ನೂಕಿದರೆ ಅದು ಎತ್ತರಕ್ಕೇರುವದಷ್ಟೆ. ಹಾಗೆಯೇ ಪ್ರತಿ ಕಟ್ಟಡಕ್ಕೂ ತನ್ನದೇ ತೂಗುಂಟು. ಗಿಡ್ಡ ಮನೆಯದು ಬೇಗ, ಎತ್ತರದ ಮಹಡಿಯದು ನಿಧಾನ. ನೆಲದ ತೂಗು ಅದಕ್ಕೆ ಕೂಡಿ ಬಂದರೆ ಅಪಾಯ. 2001ನೆಯ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅನೇಕ ಮಹಡಿಯ ಕಟ್ಟಡಗಳು ಕುಸಿದವು. ನಮ್ಮ ನೆರೆಯ ಕಿಲ್ಲಾರಿಯಲ್ಲಾದರೋ, 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ, ಕೆಸರಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಬಿದ್ದವು. ಕೊಂದದ್ದು ನೆಲವಲ್ಲ, ಮನೆ.

ಹೀಗಿರಲು, ನಡುಕವು ಮೆಲ್ಲಗಿದೆಯೋ ಬಿರುಸಾಗಿದೆಯೋ ಎಂದು ಅಳೆಯುತ್ತ ನಿಲ್ಲಬಾರದು. ಗಟ್ಟಿಮೇಜಿನ ಕೆಳಗೆ ಸೇರಿ, ತಲೆಯನ್ನು ಮರೆಮಾಡಿ, ಮೇಜಿನ ಕಾಲನ್ನು ಹಿಡಿದುಕೊಳ್ಳತಕ್ಕದ್ದು. ಕಿಟಕಿಯ ಗಾಜು, ಕಪಾಟುಗಳಿಂದ ದೂರವಿರಬೇಕು. ನಡುಗುವಾಗ ಮೆಟ್ಟಲಿಳಿದು ಓಡಬಾರದು, ಲಿಫ್ಟನ್ನು ಹತ್ತಬಾರದು. ಬಯಲಿನಲ್ಲಿದ್ದವರು ಅಲ್ಲಿಯೇ ಇರಲಿ. ನಿಂತ ಮೇಲೆ ಹೊರಗೆ ಬರತಕ್ಕದ್ದು; ಮರುನಡುಕಗಳು ಬರುವದುಂಟು.

ಮನೆ ಕಟ್ಟಿಸುವ ಹೆತ್ತವರು ಪಾಯ, ಬಾಗಿಲ ಮೇಲ್ಮಟ್ಟ, ಮಾಳಿಗೆಯ ಮಟ್ಟ ಈ ಮೂರೆಡೆಗಳಲ್ಲಿ ಕಬ್ಬಿಣದ ಸರಳಿಟ್ಟ ಕಾಂಕ್ರೀಟಿನ ಪಟ್ಟಿಯನ್ನು ಗೋಡೆಗಳ ಸುತ್ತಲೂ ಹಾಕಿಸಲಿ. ಮನೆಯಾಳುವ ಸಹೋದರಿಯರು ಕಪಾಟನ್ನು ಗೋಡೆಗೆ ಬಿಗಿಸಿ, ಮಕ್ಕಳು ಮಲಗುವೆಡೆಯ ಮೇಲಿನ ಅಟ್ಟದಿಂದ ಭಾರದ ಪಾತ್ರೆಗಳನ್ನು ಇಂದೇ ಇಳಿಸಿಡಲಿ.