ಕಹಿಯ ಸೀಸೆಗೆ ನಮ್ಮಲ್ಲೂ ನಂಟರಿದ್ದಾರೆ

ಪ್ರಶ್ನೆ: ಅಕ್ಕನ ಮಗ ವಿದೇಶದಿಂದ ಪುಟ್ಟದೊಂದು ಸೀಸೆ ತಂದಿದ್ದಾನೆ. ಮೇಲೆ 'ಅಂಗೋಸ್ಟುರಾ ಬಿಟರ್ಸ್, ಆಲ್ಕೋಹಾಲ್ ಶೇ. 44.7' ಎಂದಿದೆ. ಇದು ಔಷಧವೋ, ಮದ್ಯವೋ? ನಮ್ಮ ತೆಂಗಿನ ಹೆಂಡದಿಂದ ಇಂಥದ್ದು ಮಾಡಬಹುದೇ?
– ಓದುಗರೊಬ್ಬರು, ತುರುವೇಕೆರೆ

ಹುಟ್ಟಿದ್ದು ಔಷಧವಾಗಿ, ಈಗ ಬಳಕೆಯಲ್ಲಿರುವುದು ಒಗ್ಗರಣೆಯಂತೆ. ಜರ್ಮನಿಯ ವೈದ್ಯ ಸೀಗರ್ಟ್ 1824ರಲ್ಲಿ ವೆನೆಜುವೆಲಾದ ಅಂಗೋಸ್ಟುರಾ ಊರಿನಲ್ಲಿ ಸೈನಿಕರ ಹೊಟ್ಟೆನೋವಿಗೆಂದು ಇದನ್ನು ತಯಾರಿಸಿದರು. 1875ರಲ್ಲಿ ತಯಾರಿಕೆ ಟ್ರಿನಿಡಾಡಿಗೆ ಹೋಯಿತು. ಬಿಟರ್ಸ್ ಎಂದರೆ ಬೇರು, ತೊಗಟೆ, ಮಸಾಲೆಗಳ ಸಾರವನ್ನು ಕಡು ಮದ್ಯಕ್ಕೆ ಇಳಿಸಿದ್ದು. ಇದರ ಕಹಿಗೆ ಕಾರಣವಾದ ಜೆನ್ಶನ್ ಬೇರು ಹಿಮಾಲಯದ ಕಿರಾತಕಡ್ಡಿಯ ಕುಟುಂಬಕ್ಕೇ ಸೇರಿದ್ದು. ಲೋಟದಲ್ಲಿ ಸುರಿದು ಕುಡಿಯುವುದಲ್ಲ. ಪಾನೀಯಕ್ಕೆ ಎರಡು ಮೂರು ತೊಟ್ಟು ಹಾಕಿದರೆ ಸಾಕು.

ಹೆಂಡದಿಂದ ಆಗದು. ಅದರಲ್ಲಿ ಆಲ್ಕೋಹಾಲ್ ಬಹಳ ಕಡಿಮೆ, ಒಂದೆರಡು ದಿನದಲ್ಲೇ ಹುಳಿಯಾಗಿ ವಿನೆಗರ್‌ನತ್ತ ತಿರುಗುತ್ತದೆ. ಭಟ್ಟಿ ಇಳಿಸಿದರೆ ಸಾರಾಯಿ. ಅದಕ್ಕೆ 2007ರ ಜುಲೈಯಿಂದ ರಾಜ್ಯದಲ್ಲಿ ನಿಷೇಧವಿದೆ. ಅಲ್ಲದೆ ಹೊಂಬಾಳೆ ಕೊಯ್ದು ರಸ ಇಳಿಸಿದರೆ ಆ ಗೊನೆಯಲ್ಲಿ ಕಾಯಿ ಕಟ್ಟುವುದಿಲ್ಲ. ಕಾಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುವ ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಸೀಸೆಯ ಹತ್ತಿರದ ನಂಟ ನಿಮ್ಮ ಮನೆಯಲ್ಲೇ ಇರಬಹುದು. ಬಾಣಂತಿಗೆ ಕೊಡುವ ದಶಮೂಲಾರಿಷ್ಟ, ಭೇದಿಗೆ ಕೊಡುವ ಕುಟಜಾರಿಷ್ಟ, ಅಮೃತಬಳ್ಳಿಯ ಅಮೃತಾರಿಷ್ಟ ಇವೆಲ್ಲ ಮದ್ಯಾಂಶವಿರುವ ಔಷಧಗಳೇ. ಕುಟಜವೆಂದರೆ ನಮ್ಮ ಕೊಡಸಿಗೆ. ಅದರ ತೊಗಟೆಯ ಕಹಿ ನಾಲಿಗೆಯಿಂದ ಬೇಗ ಇಳಿಯುವುದಿಲ್ಲ. ಬಿಟರ್ಸ್‌ಗೆ ಮದ್ಯ ಹೊರಗಿನಿಂದ ಬರುತ್ತದೆ, ಅರಿಷ್ಟದಲ್ಲಿ ಅದು ಮಡಕೆಯೊಳಗೇ ಹುಟ್ಟುತ್ತದೆ. ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಇದೇ. ಮೂಲಿಕೆಗಳ ಕಷಾಯ ಕಾಯಿಸಿ ಇಂಗಿಸಿ, ಆರಿಸಿ, ಬೆಲ್ಲ ಕರಗಿಸಿ, ಧಾತಕಿ ಹೂ ಉದುರಿಸಿ, ಮಡಕೆಯ ಬಾಯಿ ಕಟ್ಟಿ ಧಾನ್ಯದ ರಾಶಿಯಲ್ಲಿ ಸುಮಾರು ಒಂದು ತಿಂಗಳು ಹೂತಿಡುತ್ತಿದ್ದರು. ಆ ಹೂವಿನೊಂದಿಗೆ ಬರುವ ಯೀಸ್ಟು ಬೆಲ್ಲವನ್ನು ಹುದುಗಿಸುತ್ತದೆ. ಬಾಯಿ ತೆರೆದು ಉರಿಯುವ ಕಡ್ಡಿ ಹಿಡಿದಾಗ ಆರಿಹೋದರೆ ಇನ್ನೂ ಅನಿಲ ಏಳುತ್ತಿದೆ ಎಂದರ್ಥ; ಉರಿಯುತ್ತಲೇ ಇದ್ದರೆ ಅರಿಷ್ಟ ಸಿದ್ಧ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 5ರಿಂದ 10.

ಹಾಗಾಗಿ ಮಕ್ಕಳಿಗೆ, ಗರ್ಭಿಣಿಯರಿಗೆ, ಕುಡಿತ ಬಿಟ್ಟವರಿಗೆ ಬಿಟರ್ಸ್, ಅರಿಷ್ಟ ಎರಡನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ಅರಿಷ್ಟದಲ್ಲಿ ಬೆಲ್ಲವೂ ಇರುತ್ತದೆ, ಸಕ್ಕರೆ ಕಾಯಿಲೆಯವರು ಅದನ್ನು ನೆನಪಿಡಬೇಕು.