ಗೊಬ್ಬರದ ಪಿಕಪ್ ಕಲಿಸಿದ ಬ್ರೇಕ್ ಪಾಠ

ಅಡಿಕೆ ತೋಟಕ್ಕೆ ಕುರಿಗೊಬ್ಬರ ತರಲು ಘಟ್ಟ ಹತ್ತುವವರು ನಮ್ಮ ಕಡೆ ಬಹಳ ಮಂದಿ. ಲಾರಿಯಲ್ಲಿ ತರಿಸುವ ಅಂದರೆ ತೋಟದ ದಾರಿ ಸಪೂರ, ಅಂಗಳದ ವರೆಗೆ ಬರುವುದಿಲ್ಲ. ಹಾಗಾಗಿ ಪಿಕಪ್ಪೇ ಗತಿ. ಪಂಪು, ಸ್ಪ್ರೇಯರಿನ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ. ಜೀವ ಹೊತ್ತು ಘಾಟಿ ಇಳಿಯುವ ಗಾಡಿಯ ಬ್ರೇಕಿನ ಬಗ್ಗೆ ಮಾತಾಡುವುದು ಕಡಿಮೆ. ನನಗೂ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆಯೇ.

ಅವತ್ತು ಆದದ್ದು

2023ರ ಜನವರಿ. ಕಡೂರು ಕಡೆಯಿಂದ 45 ಚೀಲ ಗೊಬ್ಬರ ಹೇರಿಕೊಂಡು ಬರುತ್ತಿದ್ದೆ. ಚೀಲಕ್ಕೆ 40 ಕಿಲೋ ಅಂದರೂ 1,800 ಕಿಲೋ ಆಯಿತು. ನನ್ನ ಗಾಡಿ ಹೊರಬೇಕಾದ್ದು 1,250 ಕಿಲೋ. "ಹಾಕ್ಕೊಳ್ಳಿ ಸ್ವಾಮಿ, ಗಾಡಿ ಎಳೆಯುತ್ತೆ" ಅಂದ ಮಾರುವವ. ಎಳೆಯುವುದು ಇಂಜಿನ್, ನಿಲ್ಲಿಸುವುದು ಬ್ರೇಕ್, ಎರಡೂ ಬೇರೆ ಎಂದು ಆಗ ನನ್ನ ತಲೆಗೆ ಹೋಗಲಿಲ್ಲ. ಮುಂದೆ ನನ್ನ ಪಕ್ಕ ಭಾವ. ತೋಟದ ಕೆಲಸಕ್ಕೆ ಬರುವ ಹುಡುಗ ಹಿಂದೆ ಚೀಲಗಳ ಮೇಲೆ. ಹಾಗೆ ಕೂರಿಸಿದ್ದು ತಪ್ಪು. ಅದನ್ನು ಮುಚ್ಚಿಟ್ಟು ಈ ಲೇಖನ ಬರೆಯುವುದರಲ್ಲಿ ಅರ್ಥವಿಲ್ಲ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಲು ಸುರು ಮಾಡಿದೆವು. ಗಾಡಿ ಮೂರನೇ, ನಾಲ್ಕನೇ ಗೇರಿನಲ್ಲಿ, ಕಾಲು ಬ್ರೇಕಿನ ಮೇಲೆಯೇ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. "ಎಂತದೋ ವಾಸನೆ ಬರ್ತದಲ್ಲ ಭಾವ" ಅಂದರು. "ಕ್ಲಚ್ಚಿನದ್ದಿರಬೇಕು" ಅಂದೆ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಿ ಕಾಣಿಕೆ ಹಾಕಿದೆವು, ಐದು ನಿಮಿಷ ಆಗಿರಬಹುದು. ಮತ್ತೆ ಹೊರಟು ಎರಡು ತಿರುವು ಇಳಿದಾಗ ಬ್ರೇಕ್ ಒತ್ತಿದೆ. ಪೆಡಲ್ ಹಸಿ ಮಣ್ಣಿನ ಮೇಲೆ ಕಾಲಿಟ್ಟ ಹಾಗೆ ಸೀದಾ ಕೆಳಗೆ ಹೋಯಿತು. ಗಾಡಿ ನಿಲ್ಲಲಿಲ್ಲ.

ಭಾವ ಕೂಗಿದರು. ನಾನು ಎರಡನೇ ಗೇರಿಗೆ ಎಳೆದೆ, ಇಂಜಿನ್ ಅರಚಿತು. ಕಾಲಿನಲ್ಲಿ ಪೆಡಲನ್ನು ಪಟಪಟ ಒತ್ತುತ್ತಾ, ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ಮಣ್ಣಿಗೆ ಉಜ್ಜಿ ಗಾಡಿ ನಿಂತಿತು. ಹುಡುಗ ನಾಲ್ಕೈದು ಚೀಲಗಳ ಜೊತೆಗೆ ಗುಡ್ಡದ ಬದಿಗೆ ಬಿದ್ದ. ಮುಂಗೈ ಮುರಿಯಿತು, ಜೀವ ಉಳಿಯಿತು. ಇನ್ನೊಂದು ಬದಿಗೆ ಬಿದ್ದಿದ್ದರೆ ಅಲ್ಲಿದ್ದದ್ದು ಪ್ರಪಾತ.

ಪೆಡಲ್ ಕೆಳಗೆ ಹೋದದ್ದು ಯಾಕೆ?

ಮುಕ್ಕಾಲು ಗಂಟೆ ಕಳೆದ ಮೇಲೆ ನೋಡಿದರೆ ಪೆಡಲ್ ಮೊದಲಿನ ಹಾಗೆ ಗಟ್ಟಿ! ಎಲ್ಲಿಯೂ ಆಯಿಲ್ ಸೋರಿಲ್ಲ, ಪೈಪ್ ಒಡೆದಿಲ್ಲ. ನನಗೆ ಆಶ್ಚರ್ಯ. ಮೆಕ್ಯಾನಿಕ್ ಮಾತ್ರ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಭಟ್ರೇ, ಇದು ಆಯಿಲಾ, ಕಾಫಿ ಕಷಾಯವಾ?" ಅಂತ ಕೇಳಿದ. ಗಾಡಿ ತೆಗೆದು ನಾಲ್ಕು ವರ್ಷವಾಗಿತ್ತು. ಕಡಿಮೆಯಾದಾಗ ಮೇಲಿಂದ ಹೊಯ್ದದ್ದು ಬಿಟ್ಟರೆ ಒಮ್ಮೆಯೂ ಬದಲಿಸಿರಲಿಲ್ಲ.

ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದು ಇಷ್ಟು. ಬ್ರೇಕ್ ಒತ್ತಿದಾಗ ಗಾಡಿಯ ಓಟ ಶಾಖವಾಗಿ ಬದಲಾಗುತ್ತದೆ. ನನ್ನ ಗಾಡಿ, ಹೇರು, ಜನ ಎಲ್ಲ ಸೇರಿ ಅಂದಾಜು 3,600 ಕಿಲೋ. ಇಷ್ಟು ಭಾರ 100 ಮೀಟರ್ ಎತ್ತರ ಇಳಿಯುವಾಗ ಹುಟ್ಟುವ ಶಾಖ ಸುಮಾರು 11 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅಂದರೆ ಪ್ರತಿ 100 ಮೀಟರಿಗೆ ಒಂದು ಕೊಡ ನೀರು ಕುದಿಯುವ ಶಾಖ. ಇಂಜಿನ್ ಇದರಲ್ಲಿ ಪಾಲು ತೆಗೆದುಕೊಳ್ಳದಿದ್ದರೆ ಬಹುಪಾಲು ಬ್ರೇಕಿಗೇ ಹೋಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟ ಹಾಗೆ. 'ಡಾಟ್ 3' ಆಯಿಲ್ ಹೊಸತಿರುವಾಗ ಕಡಿಮೆಯೆಂದರೆ 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದು ಎಂದು ಲೆಕ್ಕ. ಶೇಕಡಾ ಮೂರು, ಮೂರೂವರೆಯಷ್ಟು ನೀರು ಹೀರಿಕೊಂಡಾಗ ಈ ಲೆಕ್ಕ 140ಕ್ಕೆ ಇಳಿಯುತ್ತದೆ. 'ಡಾಟ್ 4'ಕ್ಕೆ ಇದೇ ಲೆಕ್ಕ 230 ಮತ್ತು 155. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಆಯಿಲನ್ನು ಅದುಮಲು ಆಗುವುದಿಲ್ಲ, ಗುಳ್ಳೆಯನ್ನು ಅದುಮಬಹುದು. ನಾವು ಒತ್ತಿದ ಒತ್ತಡ ಗುಳ್ಳೆ ಅದುಮುವುದಕ್ಕೇ ಮುಗಿಯುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ತಣಿದಾಗ ಗುಳ್ಳೆ ಮಾಯ, ಪೆಡಲ್ ಗಟ್ಟಿ. "ಈಗ ಸರಿಯಾಯಿತಲ್ಲ" ಎಂದು ಮತ್ತೆ ಹೊರಟರೆ ಮುಂದಿನ ಇಳಿಜಾರಿನಲ್ಲಿ ಅದೇ ಕಥೆ.

ಗುಡಿಯ ಹತ್ತಿರ ನಿಲ್ಲಿಸಿದ ಮೇಲೆಯೇ ಯಾಕೆ ಹೀಗಾಯಿತು ಎಂಬ ಪ್ರಶ್ನೆ ನನ್ನನ್ನು ಕಾಡಿತ್ತು. ಓಡುವಾಗ ಗಾಳಿ ತಾಗಿ ಬ್ರೇಕ್ ಅಷ್ಟಿಷ್ಟು ತಣಿಯುತ್ತದೆ. ನಿಲ್ಲಿಸಿದಾಗ ಡಿಸ್ಕ್, ಡ್ರಮ್ಮಿನ ಶಾಖ ಒಳಗಿನ ಆಯಿಲಿಗೆ ಇಳಿಯುತ್ತದೆ. ಐದು ನಿಮಿಷದ ವಿಶ್ರಾಂತಿ ಬ್ರೇಕಿಗೆ ವಿಶ್ರಾಂತಿ ಅಲ್ಲ. ನಿಲ್ಲಿಸುವುದಾದರೆ ಅರ್ಧ ಗಂಟೆಗೆ ಕಡಿಮೆ ಬೇಡ. ಕಾದ ಡ್ರಮ್ಮಿಗೆ ನೀರು ಹೊಯ್ಯಲೂ ಬಾರದು, ಬಿರುಕು ಬಿಡುತ್ತದೆ.

ಇನ್ನೊಂದು ಬಗೆಯೂ ಇದೆ. ಲೈನರ್ ವಿಪರೀತ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಆಗ ಪೆಡಲ್ ಗಟ್ಟಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಸುಟ್ಟ ವಾಸನೆ ಅದರ ಮುನ್ಸೂಚನೆ. ನಾನು ಅದನ್ನು ಕ್ಲಚ್ಚಿನ ತಲೆಗೆ ಕಟ್ಟಿದ್ದೆ!

ಪ್ಲೇಟ್ ಹಾಕಿಸುವವರೇ, ಗಮನಿಸಿ

ಹೆಚ್ಚು ಹೇರಲೆಂದು ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸುವುದು ನಮ್ಮಲ್ಲಿ ಮಾಮೂಲು. ನಾನೂ ಹಾಕಿಸಿದ್ದೆ. ಅದರಲ್ಲೊಂದು ಎಡವಟ್ಟು ಇದೆ. ಬಹಳ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಿಲಿನಿಂದ ಚಾಸಿಗೆ ಒಂದು ಸಣ್ಣ ಸರಳು ಇರುತ್ತದೆ, ಅದರ ತುದಿಯಲ್ಲಿ ಒಂದು ವಾಲ್ವ್. ಹೇರು ಬಿದ್ದಾಗ ಚಾಸಿ ತಗ್ಗುತ್ತದೆ, ಸರಳು ವಾಲ್ವನ್ನು ತಿರುಗಿಸುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಗಾಡಿ ಖಾಲಿಯಿದ್ದರೆ ಕಡಿಮೆ ಒತ್ತಡ, ಇಲ್ಲವಾದರೆ ಹಿಂದಿನ ಚಕ್ರ ಹಿಡಿದುಕೊಂಡು ಗಾಡಿ ಅಡ್ಡ ತಿರುಗೀತು.

ಪ್ಲೇಟ್ ಜಾಸ್ತಿ ಹಾಕಿದರೆ ಎಷ್ಟು ಹೇರಿದರೂ ಚಾಸಿ ತಗ್ಗುವುದು ಕಡಿಮೆ. ವಾಲ್ವ್ ಪಾಪ, ಗಾಡಿ ಖಾಲಿಯಿದೆ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕ್ ಅರೆಬರೆ ಕೆಲಸ ಮಾಡಿ, ಮುಂದಿನ ಬ್ರೇಕಿನ ಮೇಲೆ ಭಾರ ಬಿದ್ದು ಅದು ಕಾಯುತ್ತದೆ. ನನ್ನ ಗಾಡಿಯಲ್ಲಿ ಆದದ್ದೂ ಇದೇ. ಮುಂದಿನ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿತ್ತು, ಹಿಂದಿನ ಲೈನರ್ ಸವೆದೇ ಇರಲಿಲ್ಲ.

ಎಬಿಎಸ್ ಇದ್ದರೆ ಸಾಕಲ್ಲ?

ಹಲವರು ಹೀಗೆ ಕೇಳುತ್ತಾರೆ. ಈಗಿನ ಕೆಲವು ಪಿಕಪ್‌ಗಳಲ್ಲಿ ಎಬಿಎಸ್ ಇದೆ. ಚಕ್ರದ ಹತ್ತಿರ ಹಲ್ಲಿರುವ ಒಂದು ಬಳೆ, ಅದರ ಎದುರು ಒಂದು ಸೆನ್ಸರ್. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅದು ಹೇಳುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಹಿಡಿದುಕೊಂಡು ಜಾರುವುದರಲ್ಲಿದ್ದರೆ ಎಬಿಎಸ್ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತದೆ. ಸ್ಟಿಯರಿಂಗ್ ನಮ್ಮ ಮಾತು ಕೇಳುತ್ತದೆ. ಒದ್ದೆ ಡಾಮರು ರಸ್ತೆಯಲ್ಲಿ ಇದು ದೊಡ್ಡ ಉಪಕಾರ. ಆದರೆ ಕುದಿದ ಆಯಿಲಿಗೆ, ಕಾದ ಲೈನರಿಗೆ ಎಬಿಎಸ್ ಮದ್ದಲ್ಲ. ಸಡಿಲ ಜಲ್ಲಿ, ಕೆಸರಿನಲ್ಲಿ ಎಬಿಎಸ್ ಇರುವ ಗಾಡಿ ನಿಲ್ಲಲು ಸ್ವಲ್ಪ ಹೆಚ್ಚು ದೂರವೇ ಬೇಕಾಗಬಹುದು. ತೋಟದ ದಾರಿಯಲ್ಲಿ ಇದು ನೆನಪಿರಲಿ.

ಎಬಿಎಸ್‌ಗೂ ಅದರದ್ದೇ ಕಾಯಿಲೆಗಳಿವೆ. ನೆರೆಕರೆಯವರ ಗಾಡಿ 2024ರ ಮಳೆಗಾಲ ಕಳೆದ ಮೇಲೆ ವಿಚಿತ್ರ ಮಾಡಿತು. ಒಣ ರಸ್ತೆಯಲ್ಲಿ, ಇನ್ನೇನು ನಿಂತೇಬಿಟ್ಟಿತು ಎನ್ನುವಾಗ ಪೆಡಲ್ ಕಾಲಿನಡಿ ಗಡಗಡ ನಡುಗಿ ಗಾಡಿ ಒಂದು ಮಾರು ಮುಂದೆ ಹೋಗುತ್ತಿತ್ತು. ಗೇಟಿನ ಕಂಬಕ್ಕೆ ಒಮ್ಮೆ ತಾಗಿಯೂ ಆಯಿತು. ಬಿಚ್ಚಿ ನೋಡಿದರೆ ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಎದ್ದು, ಸೆನ್ಸರ್ ಬಳೆಯಿಂದ ದೂರ ಸರಿದಿತ್ತು. ನಿಧಾನ ಹೋಗುವಾಗ ಅದರ ಸಂಕೇತ ಕ್ಷೀಣಿಸಿ, ಚಕ್ರ ಜಾರುತ್ತಿದೆ ಎಂದು ಎಬಿಎಸ್ ಭ್ರಮೆಪಟ್ಟು ಬ್ರೇಕ್ ಬಿಡುತ್ತಿತ್ತು.

ಇದು ನಮ್ಮ ಊರಿನದ್ದು ಮಾತ್ರವಲ್ಲ. ಅಮೆರಿಕಾದಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪಿನಿಂದ ಇದೇ ರೀತಿ ಸೆನ್ಸರಿನ ಬುಡ ತುಕ್ಕು ಹಿಡಿದು, ಜನರಲ್ ಮೋಟಾರ್ಸ್ 1999ರಿಂದ 2002ರ ಮಾದರಿಯ ಸುಮಾರು 8 ಲಕ್ಷ ಪಿಕಪ್ ಮತ್ತಿತರ ಗಾಡಿಗಳನ್ನು 2005ರಲ್ಲಿ ದುರಸ್ತಿಗೆ ವಾಪಸು ಕರೆಯಬೇಕಾಯಿತು. ಅಲ್ಲಿ ಉಪ್ಪು, ನಮ್ಮಲ್ಲಿ ಆರು ತಿಂಗಳ ಮಳೆ, ಕೆಸರು, ಗೊಬ್ಬರದ ರಸ.

ಇಲಿ ವಯರ್ ಕಡಿದರೂ, ಒಂದೊಂದು ಚಕ್ರಕ್ಕೆ ಒಂದೊಂದು ಅಳತೆಯ ಟಯರ್ ಹಾಕಿದರೂ ಎಬಿಎಸ್‌ಗೆ ಗಲಿಬಿಲಿ. ಎಬಿಎಸ್ ದೀಪ ಮಾತ್ರ ಉರಿದರೆ ಮಾಮೂಲು ಬ್ರೇಕ್ ಇದೆ, ನಿಧಾನ ಓಡಿಸಿ ವರ್ಕ್‌ಶಾಪಿಗೆ ಹೋಗಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿದರೆ ಗಾಡಿ ಅಲ್ಲಿಗೇ ನಿಲ್ಲಿಸಿ. "ಫ್ಯೂಸ್ ತೆಗೆದರೆ ಆಯ್ತು" ಅನ್ನುವವರಿದ್ದಾರೆ. ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಎಷ್ಟು ಒತ್ತಡ ಎಂದು ನೋಡಿಕೊಳ್ಳುವುದೂ ಅದೇ ಪೆಟ್ಟಿಗೆ. ಫ್ಯೂಸ್ ಕಿತ್ತರೆ ಅದೂ ಹೋಯಿತು. ನೆರೆಕರೆಯವರಿಗೆ ತುಕ್ಕು ಉಜ್ಜಿ, ಹೊಸ ಸೆನ್ಸರ್ ಕೂರಿಸಿದ ಮೇಲೆ ಸರಿಯಾಯಿತು.

ಈಗ ನಾನು ಪಾಲಿಸುವ ಕ್ರಮ

1. ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ ಬ್ರೇಕ್ ಆಯಿಲ್ ಪೂರ್ತಿ ಬದಲು. ಡಬ್ಬಿಯ ಮುಚ್ಚಳದ ಮೇಲೆ ಬರೆದ ನಂಬ್ರದ್ದೇ ಆಯಿಲ್. ಅರ್ಧ ಉಳಿದ ಹಳೇ ಬಾಟ್ಲಿ ಬಳಸುವುದಿಲ್ಲ. ಇಂಜಿನ್ ಆಯಿಲನ್ನಂತೂ ತಪ್ಪಿಯೂ ಹಾಕಬಾರದು, ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

2. ಹೊರಡುವ ಮುನ್ನ ಇಂಜಿನ್ ಬಂದ್ ಇಟ್ಟು ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡುತ್ತೇನೆ. ಪೆಡಲ್ ಸ್ವಲ್ಪ ತಗ್ಗಬೇಕು. ತಗ್ಗದಿದ್ದರೆ ಬೂಸ್ಟರ್ ಅಥವಾ ವ್ಯಾಕ್ಯೂಮ್ ಪಂಪಿನ ತೊಂದರೆ. ಒತ್ತಿ ಹಿಡಿದಾಗ ನಿಧಾನ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆ.

3. ಘಾಟಿಯ ತಲೆಯಲ್ಲೇ ಎರಡನೇ ಗೇರು, ಕಡಿದಾದಲ್ಲಿ ಒಂದನೆಯದು. ಬ್ರೇಕ್ ಒತ್ತಿ ವೇಗ ಇಳಿಸಿ ಪೂರ್ತಿ ಬಿಡುವುದು, ಮತ್ತೆ ಒತ್ತುವುದು. ಕಾಲು ಇಟ್ಟೇ ಇರುವುದಿಲ್ಲ.

4. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವುದಿಲ್ಲ. ಈಗಿನ ಕಾಮನ್ ರೈಲ್ ಇಂಜಿನುಗಳು ಗೇರಿನಲ್ಲಿ ಇಳಿಯುವಾಗ ಡೀಸೆಲನ್ನು ತಾವೇ ನಿಲ್ಲಿಸುತ್ತವೆ. ಕೀ ತಿರುಗಿಸಿ ಇಂಜಿನ್ ಬಂದ್ ಮಾಡಿದರಂತೂ ಬೂಸ್ಟರಿನ ಬಲ ಹೋಗಿ ಪೆಡಲ್ ಕಲ್ಲಾಗುತ್ತದೆ.

5. ಬ್ರೇಕ್ ಹೋಗಿಯೇಬಿಟ್ಟರೆ: ಪೆಡಲ್ ಪಟಪಟ ಒತ್ತುವುದು, ಒಂದೊಂದೇ ಗೇರು ಇಳಿಸುವುದು, ಹ್ಯಾಂಡ್‌ಬ್ರೇಕ್ ಒಮ್ಮೆಲೇ ಜಗ್ಗದೆ ಸ್ವಲ್ಪಸ್ವಲ್ಪ ಎಳೆಯುವುದು, ಗುಡ್ಡದ ಬದಿಗೆ ಒತ್ತುವುದು. ಇಂಜಿನ್ ಬಂದ್ ಮಾಡಬಾರದು.

6. ಹೇರು 28 ಚೀಲ, ಒಂದೂ ಜಾಸ್ತಿ ಇಲ್ಲ. ಜಾಸ್ತಿ ಪ್ಲೇಟ್ ತೆಗೆಸಿ, ಆ ವಾಲ್ವಿನ ಸರಳನ್ನು ಸರಿಯಾದ ಅಳತೆಗೆ ಕೂರಿಸಿದ್ದೇನೆ.

ಹುಡುಗನ ಕೈ ಕೂಡಿತು. ಆದರೂ ಚಳಿಗಾಲದಲ್ಲಿ ಅಡಿಕೆ ಸುಲಿಯಲು ಕೂತರೆ ನೋಯುತ್ತದೆ ಎನ್ನುತ್ತಾನೆ. ಆಸ್ಪತ್ರೆ ಖರ್ಚು, ಮೂರು ತಿಂಗಳ ಸಂಬಳ ನಾನು ಕೊಟ್ಟೆ. ಅದು ದೊಡ್ಡಸ್ತಿಕೆಯಲ್ಲ, ಕೊಡಬೇಕಾದ್ದೇ. ಈಗ ಗೊಬ್ಬರಕ್ಕೆ ಹೋಗುವಾಗ ಅವ ಮುಂದಿನ ಸೀಟಿನಲ್ಲಿ ಕೂರುತ್ತಾನೆ. ಘಾಟಿಯ ತಲೆಗೆ ಬಂದಾಗ "ಅಣ್ಣೇರೇ, ಎರಡನೇ ಗೇರು" ಎಂದು ನೆನಪಿಸುವವನೂ ಅವನೇ. ಹದಿನೇಳು ಚೀಲ ಉಳಿದದ್ದಕ್ಕೆ ಇನ್ನೊಂದು ಬಾಡಿಗೆಯಷ್ಟು ಡೀಸೆಲ್ ಖರ್ಚಾಗುತ್ತದೆ, ಆಗಲಿ.

ನಿಮ್ಮ ಗಾಡಿಯ ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು? ನೆನಪಿಗೆ ಬಾರದಿದ್ದರೆ ಈ ವಾರವೇ ಮುಚ್ಚಳ ತೆಗೆದು ನೋಡಿ.