ದಸರೆ ರಜೆಗೆ ಮುನ್ನ ನಿಮ್ಮ ಕೈತೋಟ



ಹಸ್ತ ಮಳೆ ಮುಗಿದು ಚಿತ್ತೆ ಬರುವ ಹೊತ್ತಿಗೆ ಶಾಲೆಯ ಕೈತೋಟವನ್ನೊಮ್ಮೆ ನೋಡಿ. ಜೂನ್‌ನಲ್ಲಿ ಹಾಕಿದ ಬೆಂಡೆಗಿಡ ನಿಮಗಿಂತ ಎತ್ತರವಾಗಿ, ತುದಿಯಲ್ಲಿ ಒಂದೆರಡು ಕಾಯಿ ಉಳಿದಿರುತ್ತವೆ. ಹೀರೆಬಳ್ಳಿಯ ಬುಡದ ಎಲೆಗಳು ಹಳದಿಯಾಗಿರುತ್ತವೆ. ಕಳೆಯಂತೂ ಮೊಣಕಾಲುದ್ದ. ಅಷ್ಟರಲ್ಲಿ ದಸರೆ ರಜೆ ಬರುತ್ತದೆ. "ರಜೆಗೆ ಮೊದಲು ತೋಟ ಸ್ವಚ್ಛ ಮಾಡಿ" ಎಂದು ಮೇಷ್ಟ್ರು ಹೇಳುತ್ತಾರೆ. ನೀವು ಎಲ್ಲವನ್ನೂ ಕಿತ್ತು, ಗುಡಿಸಿ, ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಡುತ್ತೀರಿ. ಅಲ್ಲವೇ?

ನಾನೂ ಹಾಗೇ ಮಾಡಿಸಿದ ಮೇಷ್ಟ್ರೇ. ಹಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ, ಅಂಗಳದಂತೆ ಗುಡಿಸಿದ ಪಾತಿಗಳಲ್ಲಿ ಟೊಮೆಟೊ ಸಸಿ ನೆಟ್ಟು, ನೀರು ಹಾಕಿ ರಜೆಗೆ ಹೊರಟೆವು. ಆ ವರ್ಷ ಚಿತ್ತೆ ಮಳೆ ಬೀಳಲಿಲ್ಲ. ಹಿಂದಿರುಗಿದಾಗ ಸಸಿಗಳು ಒಣಗಿ ಕಡ್ಡಿಯಾಗಿದ್ದವು. ಅವನ್ನು ನೆಟ್ಟಿದ್ದ ಏಳನೇ ತರಗತಿಯ ಹುಡುಗಿಯರ ಮುಖ ನೋಡಲು ನನಗೆ ಕಷ್ಟವಾಯಿತು. ಅವರಲ್ಲೇ ಒಬ್ಬಳು ಕಾಂಪೌಂಡಿನ ಬಳಿ ಹಲಸಿನ ಮರದ ಕೆಳಗೆ ನಾವು ಗುಡಿಸಲು ಮರೆತಿದ್ದ ಜಾಗಕ್ಕೆ ಹೋಗಿ, ಕೋಲಿನಿಂದ ತರಗೆಲೆ ಸರಿಸಿದಳು. "ಸಾರ್, ಇಲ್ಲಿ ಮಣ್ಣು ಇನ್ನೂ ಹಸಿಯಾಗಿದೆ!" ಎಂದಳು. ಹೌದು, ಕಪ್ಪಗೆ, ತಣ್ಣಗೆ ಇತ್ತು. ಎರೆಹುಳುಗಳೂ ಇದ್ದವು.

ಮಳೆ ಎರಡೂ ಕಡೆ ಒಂದೇ. ಹಾಗಾದರೆ ಪಾತಿಯ ನೀರು ಎಲ್ಲಿ ಹೋಯಿತು?

ಒಂದು ಸೀಮೆಸುಣ್ಣದ ತುಂಡನ್ನು ತಟ್ಟೆಯಲ್ಲಿ ನಿಲ್ಲಿಸಿ, ಸ್ವಲ್ಪ ಶಾಯಿ ಬೆರೆಸಿದ ನೀರು ಹಾಕಿ. ಬಣ್ಣ ತಾನಾಗಿ ಮೇಲೇರುವುದು ಕಾಣುತ್ತದೆ. ಸೀಮೆಸುಣ್ಣದೊಳಗಿನ ಸಣ್ಣ ಸಣ್ಣ ಸಂದುಗಳಲ್ಲಿ ನೀರು ಹತ್ತುತ್ತದೆ. ಮಣ್ಣಿನ ಕಣಗಳ ನಡುವೆಯೂ ಇಂಥ ಸಂದುಗಳಿವೆ. ಬಿಸಿಲು, ಗಾಳಿಗೆ ಮೇಲಿನ ನೀರು ಆವಿಯಾದಂತೆ ಕೆಳಗಿನ ನೀರು ಮೇಲಕ್ಕೆ ಬರುತ್ತದೆ, ಅದೂ ಆವಿಯಾಗುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ಎಂದರೆ ಸರಿಯಾಗಿ 1 ಲೀಟರ್. ನಿಮ್ಮ ಪಾತಿ 4 ಮೀಟರ್ ಉದ್ದ, 1 ಮೀಟರ್ ಅಗಲ ಇದ್ದು, ದಿನಕ್ಕೆ 4 ಮಿಲಿಮೀಟರ್ ನೀರು ಆವಿಯಾಯಿತೆಂದು ಇಟ್ಟುಕೊಳ್ಳಿ. 16 ಲೀಟರ್ ಹೋಯಿತು! ಅಷ್ಟು ನೀರನ್ನು ಬೋರ್‌ವೆಲ್‌ನಿಂದ ಹೊತ್ತು ತಂದವರಿಗೆ ಅದರ ಭಾರ ಗೊತ್ತು.

ತರಗೆಲೆಯ ಹೊದಿಕೆ ಬಿಸಿಲು ಮಣ್ಣಿಗೆ ನೇರವಾಗಿ ತಾಗದಂತೆ, ಗಾಳಿ ನೆಲವನ್ನು ಸವರಿಕೊಂಡು ಹೋಗದಂತೆ ತಡೆಯುತ್ತದೆ. ಆದರೆ ನೀವು ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು: ಹಲಸಿನ ಮರದ ಕೆಳಗೆ ನೆರಳೂ ಇತ್ತಲ್ಲ? ಮಣ್ಣನ್ನು ಹಸಿಯಾಗಿಟ್ಟದ್ದು ಎಲೆಯೋ, ನೆರಳೋ? ಇದನ್ನು ತಿಳಿಯಲು ಒಂದೇ ಅಳತೆಯ ಎರಡು ಹಳೆಯ ಡಬ್ಬಿ ತನ್ನಿ. ಎರಡಕ್ಕೂ ಒಂದೇ ಮಣ್ಣು, ಒಂದೇ ಅಳತೆಯ ನೀರು. ಒಂದರ ಮೇಲೆ ಮಾತ್ರ ಒಣ ಎಲೆ ಹರಡಿ. ಎರಡನ್ನೂ ಬಿಸಿಲಿನಲ್ಲೇ ಅಕ್ಕಪಕ್ಕ ಇಡಿ. ಅಡುಗೆಕೋಣೆಯ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಕಡಿಮೆಯಾದ ತೂಕವೇ ಆವಿಯಾದ ನೀರು. ಉತ್ತರವನ್ನು ನಾನು ಹೇಳುವುದಿಲ್ಲ, ತಕ್ಕಡಿ ಹೇಳಲಿ.

ವಿಜಯಪುರ, ಗದಗ ಕಡೆಯ ಮಕ್ಕಳಿಗೆ ಇದು ಹೊಸದಲ್ಲ. ಅಲ್ಲಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಬಹುಪಾಲು ಮಣ್ಣಿನಲ್ಲಿ ಉಳಿದ ತೇವದಿಂದಲೇ. ರೈತರು ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ಹಾಗೆ ಸಡಿಲವಾದ ಮೇಲ್ಮಣ್ಣು ಒಣಗಿ ಹೊದಿಕೆಯಂತೆ ನಿಲ್ಲುತ್ತದೆ. ಕೆಳಗಿನ ನೀರು ಹತ್ತುವ ದಾರಿ ಅಲ್ಲಿಗೆ ಕಡಿದುಹೋಗುತ್ತದೆ.

ಈಗ ತೋಟಕ್ಕೆ ಇಳಿಯೋಣ. ಬೀಜ ಕಟ್ಟುವ ಮೊದಲೇ ಕಳೆ ಕೀಳಿ. ಕಾಂಗ್ರೆಸ್ ಗಿಡವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಮೈ ತುರಿಕೆ ಬರುತ್ತದೆ; ಅದನ್ನು ದೊಡ್ಡವರಿಗೆ ಬಿಡಿ. ರೋಗ ತಗುಲಿದ ಎಲೆಗಳನ್ನು ಹೊದಿಕೆಗೆ ಸೇರಿಸಬೇಡಿ. ಮಣ್ಣು ಸಡಿಲ ಮಾಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಸಸಿ ನೆಟ್ಟು ನೀರು ಹಾಕಿ. ಆಮೇಲೆ ನಾಲ್ಕು ಬೆರಳು ದಪ್ಪಕ್ಕೆ ತರಗೆಲೆ ಹರಡಿ. ಸಸಿಯ ಕಾಂಡಕ್ಕೆ ಎಲೆ ಒತ್ತಿಕೊಂಡಿರಬಾರದು, ಕೊಳೆಯುತ್ತದೆ. ಮೆಂತ್ಯ, ಕೊತ್ತಂಬರಿ ಬಿತ್ತುವುದಿದ್ದರೆ ರಜೆ ಮುಗಿದ ಮೇಲೆ ಬಿತ್ತಿ. ದಪ್ಪ ಹೊದಿಕೆಯಡಿ ಸಣ್ಣ ಮೊಳಕೆಗಳು ಮೇಲೆ ಬರಲಾರವು. ತರಗೆಲೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಿ. ಚೇಳು, ಹಾವುಗಳಿಗೂ ತಂಪು ಇಷ್ಟ.

"ಸುಟ್ಟರೆ ಬೂದಿ ಸಿಗುತ್ತದಲ್ಲ, ಅದೂ ಗೊಬ್ಬರವೇ ಅಲ್ಲವೇ?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಉಳಿಯುತ್ತವೆ, ನಿಜ. ಆದರೆ ಎಲೆಯಲ್ಲಿದ್ದ ನೈಟ್ರೋಜನ್‌ನ ಹೆಚ್ಚಿನ ಭಾಗ ಹೊಗೆಯ ಜೊತೆ ಹಾರಿಹೋಗುತ್ತದೆ. ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ತಿನ್ನಲು ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಮುಂಗಾರಿನಲ್ಲಿ ಹಾಕಿದ ಅವರೆ ಬಳ್ಳಿ ಬರೀ ಎಲೆ ಬಿಟ್ಟುಕೊಂಡು ನಿಂತಿದ್ದರೆ, ದಂಡ ಎಂದು ಕಿತ್ತೆಸೆಯಬೇಡಿ. ನಾಟಿ ಅವರೆ ರಾತ್ರಿಯ ಉದ್ದಕ್ಕೆ ಕಾಯುತ್ತದೆ. ಸೆಪ್ಟೆಂಬರ್ 23ರ ಸುಮಾರಿಗೆ ಹಗಲು, ರಾತ್ರಿ ಹೆಚ್ಚುಕಡಿಮೆ ಸಮವಾಗಿ, ಆಮೇಲೆ ರಾತ್ರಿ ಬೆಳೆಯುತ್ತಾ ಹೋಗುತ್ತದೆ. ರಾತ್ರಿ ಸಾಕಷ್ಟು ಉದ್ದವಾದಾಗಲೇ ಅದು ಹೂ ಬಿಡುವುದು. ಚಳಿಗಾಲದಲ್ಲಿ ಮನೆಯೆಲ್ಲಾ ಸೊಗಡು ಹರಡುವ ಅವರೆಕಾಯಿ ಹೀಗೆ ಬರುತ್ತದೆ. ಹಗಲು-ರಾತ್ರಿಯ ಹಂಗಿಲ್ಲದೆ ಕಾಯಿ ಬಿಡುವ ಹೆಬ್ಬಾಳ ಅವರೆಯಂಥ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದೆ. ನಿಮ್ಮ ತೋಟದ್ದು ಯಾವುದು? ಮೊದಲ ಹೂ ಅರಳಿದ ದಿನಾಂಕವನ್ನು ಬರೆದಿಡಿ.

ರಜೆಗೆ ಹೋಗುವಾಗ ಒಂದು ಪಾತಿಯ ಒಂದು ಮೂಲೆಯನ್ನು ಮಾತ್ರ ಹೊದಿಕೆಯಿಲ್ಲದೆ ಬಿಡಿ. ಬಂದ ದಿನವೇ ಎರಡೂ ಕಡೆ ಬೆರಳು ಚುಚ್ಚಿ ನೋಡಿ. ಡಬ್ಬಿಗಳ ತೂಕದ ಪಟ್ಟಿಯ ಜೊತೆ ಅದನ್ನೂ ಗೋಡೆಪತ್ರಿಕೆಯಲ್ಲಿ ಬರೆಯಿರಿ.